ಪೆನಾಂಗಿನಲ್ಲಿ ಪ್ರಬಂಧ ಮಂಡನೆ, ಜೊತೆಗೆ ಬಂಗುಡೆ ಲಕ್ಸ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯ ಕನ್ನಡ ವಿಭಾಗದಲ್ಲಿ ಟೀಚರ್. ಮನೆಮಾತಿನಲ್ಲಿ ಕಲಿಕೆ ಎಂಬ ವಿಷಯದ ಮೇಲೆ ಮಲೇಷ್ಯಾದ ಪೆನಾಂಗಿನಲ್ಲಿ ನಡೆದ ಶಿಕ್ಷಕರ ಸಮ್ಮೇಳನಕ್ಕೆ ಹೋಗಿ ಬಂದೆ. ಬಂದ ಮೇಲೆ ನಮ್ಮ ಕಡೆಯ ಟೀಚರುಗಳು, ಮಾಸ್ಟ್ರುಗಳು ಕೇಳುವುದು ಎರಡೇ ಪ್ರಶ್ನೆ. ಹೇಗೆ ಹೋದಿರಿ? ಅಲ್ಲಿ ಏನು ತಿಂದಿರಿ? ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಯಾಕೆಂದರೆ ಸಭಾಂಗಣದಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ವಿಷಯ ನನಗೆ ಸಿಕ್ಕಿದ್ದು ಊಟದ ಮೇಜಿನಲ್ಲಿ, ಅಲ್ಲಿನ ಟೀಚರುಗಳ ಜೊತೆ ಕೂತು ತಿಂದಾಗ.

ಮೊದಲು ಪ್ರಬಂಧದ ಸಂಗತಿ. ನಮ್ಮದು ಕನ್ನಡ ಮಾಧ್ಯಮ ಹೌದು, ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಕಡಿಮೆ. ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಹೀಗೆ ಒಂದೇ ಬೆಂಚಿನಲ್ಲಿ ಮೂರು ಮನೆಮಾತು ಇರುತ್ತದೆ. ದೋಣಿಗೆ ಹೋಗುವವರ ಮನೆಯ ಒಬ್ಬ ಹುಡುಗ ತರಗತಿಯಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಒಂದು ದಿನ ಅವನನ್ನು ಎದುರಿಗೆ ಕರೆದು, "ಬಂಗುಡೆ ಕ್ಲೀನ್ ಮಾಡುವುದು ಹೇಗೆ, ನಿನ್ನ ಮನೆ ಭಾಷೆಯಲ್ಲೇ ಹೇಳು ಮಗಾ" ಅಂದೆ. ಅವನು ಡೆಸ್ಕಿನ ಮೇಲಿದ್ದ ಸ್ಕೇಲು ತೆಗೆದುಕೊಂಡ. ಅದೇ ಕತ್ತಿ, ಎಡಗೈಯ ಅಂಗೈಯೇ ಮೀನು. ಕಿವಿರು ಎಳೆದು ತೆಗೆಯುವುದು, ಹೊಟ್ಟೆ ಸೀಳುವುದು, ಒಳಗಿನ ಕಪ್ಪು ಪೊರೆಯನ್ನು ಬೆರಳಲ್ಲಿ ಉಜ್ಜಿ ಬಿಡಿಸುವುದು, ಮಸಾಲೆ ಹಿಡಿಯುವ ಹಾಗೆ ಎರಡೂ ಬದಿಗೆ ಗೀರು ಹಾಕುವುದು. ಎಲ್ಲ ತುಳುವಿನಲ್ಲಿ, ಒಂದೂ ಬಿಡದೆ. ಅವನು ಹೇಳಿದ್ದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದೆ. ಆಮೇಲೆ ಇಡೀ ತರಗತಿ ಸೇರಿ ಅದನ್ನು ಕನ್ನಡ ಮಾಡಿತು. ಮರುದಿನ ಅವನೇ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಬಂದ. ಅಲ್ಲಿಂದ ಇದು ನಮ್ಮ ತರಗತಿಯ ಪದ್ಧತಿಯೇ ಆಯಿತು. ಮೊದಲು ಮನೆಮಾತಿನಲ್ಲಿ ಹೇಳುವುದು, ಕೇಳಿ ಬರೆಯುವುದು, ನಂತರ ಕನ್ನಡಕ್ಕೆ ತರುವುದು. ನನ್ನ ಪ್ರಬಂಧ ಅಷ್ಟೇ. ದೊಡ್ಡ ಸಿದ್ಧಾಂತ ಏನೂ ಇರಲಿಲ್ಲ.

ಇಂಥ ಸಮ್ಮೇಳನಗಳಿಗೆ ಮೊದಲು ಸಾರಾಂಶ ಕಳಿಸಬೇಕು. ಇಂಗ್ಲಿಷಿನಲ್ಲಿ ಸುಮಾರು 300 ಪದ. ನಾನು ಮೊದಲು ಕನ್ನಡದಲ್ಲಿ ಬರೆದೆ, ನಮ್ಮ ಇಂಗ್ಲಿಷ್ ಟೀಚರ್ ಜೊತೆ ಕೂತು ಇಂಗ್ಲಿಷಿಗೆ ತಂದೆ. ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಹಿಂದೆ ಸರಿಯುವವರಿಗೆ ಹೇಳುತ್ತೇನೆ: ಆಯ್ಕೆ ಮಾಡುವವರು ನೋಡುವುದು ತರಗತಿಯಲ್ಲಿ ನಿಜಕ್ಕೂ ಏನು ಮಾಡಿದ್ದೀರಿ ಎಂಬುದನ್ನು. ಬಂಗುಡೆ ಹುಡುಗನ ಕತೆಯನ್ನೇ ಮೊದಲ ವಾಕ್ಯವಾಗಿ ಇಟ್ಟೆ. ಶಾಲಾ ಶಿಕ್ಷಕರಿಗೆ ನೋಂದಣಿ ಶುಲ್ಕದಲ್ಲಿ ರಿಯಾಯಿತಿ ಇದೆಯಾ ಅಂತ ಮೇಲ್ ಮಾಡಿ ಕೇಳಿದೆ, ಕೊಟ್ಟರು. ಕೇಳದೆ ಇದ್ದರೆ ಸಿಗುವುದಿಲ್ಲ.

ವಿದೇಶಕ್ಕೆ ಹೋಗಲು ಇಲಾಖೆಯ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಎಂಬ ಪತ್ರ ಬೇಕು. ಇದಕ್ಕೆ ಟಿಕೆಟಿಗಿಂತ ಮೊದಲೇ ಅರ್ಜಿ ಹಾಕಿ. ಕಾಗದ ಹೆಡ್‌ಮಾಸ್ಟ್ರ ಮೇಜಿನಿಂದ ಮೇಲೆ ಹೋಗಿ ವಾಪಸು ಬರಲು ಸಮಯ ಹಿಡಿಯುತ್ತದೆ. ಸಮ್ಮೇಳನ ಓಣಂ ರಜೆಯಲ್ಲಿ ಬಿದ್ದದ್ದರಿಂದ ಪಾಠ ತಪ್ಪಲಿಲ್ಲ. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನಗಳವರೆಗೆ ವೀಸಾ ಇಲ್ಲದ ಪ್ರವೇಶ ಕೊಟ್ಟಿದೆ. ಅಲ್ಲಿಗೆ ತಲುಪುವ ಮೊದಲಿನ ಮೂರು ದಿನದ ಒಳಗೆ ಆನ್‌ಲೈನಿನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಇದರ ಹೆಸರಿನಲ್ಲಿ ದುಡ್ಡು ಕೇಳುವ ಸೈಟುಗಳಿವೆ, ಹುಷಾರು. ಕಾಸರಗೋಡಿನಿಂದ ರೈಲಿನಲ್ಲಿ ಕೊಚ್ಚಿ, ಅಲ್ಲಿಂದ ಕ್ವಾಲಾಲಂಪುರ, ಮತ್ತೆ ಒಂದು ಸಣ್ಣ ವಿಮಾನ ಪ್ರಯಾಣ. ಗಡಿಯಾರ ಎರಡೂವರೆ ಗಂಟೆ ಮುಂದೆ ತಿರುಗಿಸಿದರೆ ಆಯಿತು.

ನನ್ನ ಜೊತೆ ಬದಿಯಡ್ಕ ಕಡೆಯ ಒಬ್ಬರು ಮಾಸ್ಟ್ರು ಇದ್ದರು. ಅವರು ಶುದ್ಧ ಸಸ್ಯಾಹಾರಿ, ನನಗೆ ಮೀನಿಲ್ಲದೆ ಊಟ ಸೇರುವುದಿಲ್ಲ. "ಟೀಚರೇ, ನಿಮಗೆ ಅಲ್ಲಿ ಹಬ್ಬ, ನನಗೆ ಅವಲಕ್ಕಿಯೇ ಗತಿ" ಅಂತ ಅವರು ರೈಲಿನಲ್ಲೇ ಹೇಳಿದ್ದರು. ಹಾಗೇನೂ ಆಗಲಿಲ್ಲ. ಪೆನಾಂಗಿನ ಮುಖ್ಯ ಪೇಟೆ ಜಾರ್ಜ್‌ಟೌನಿನ ಲಿಟ್ಲ್ ಇಂಡಿಯಾದಲ್ಲಿ ಬಾಳೆಲೆ ಊಟ ಸಿಗುತ್ತದೆ. ಅನ್ನ, ಸಾಂಬಾರು, ಪಲ್ಯ, ಹಪ್ಪಳ, ಎಲ್ಲ ಇದೆ. ಬೀದಿ ಬದಿಯಲ್ಲಿ ಪುಟು ಮಾಯಮ್ ಮಾರುತ್ತಾರೆ. ನಮ್ಮ ಒತ್ತು ಶ್ಯಾವಿಗೆಯೇ ಅದು, ತೆಂಗಿನ ತುರಿ ಮತ್ತು ಬೆಲ್ಲದಂಥ ಕಂದು ಸಕ್ಕರೆ ಹಾಕಿ ಕೊಡುತ್ತಾರೆ. ಅಪೋಮ್ ಅಂದರೆ ನಮ್ಮ ಅಪ್ಪಂ. ಮಾಸ್ಟ್ರು ಬೆಳಗ್ಗೆ ಇವೆರಡನ್ನೇ ತಿಂದು ಖುಷಿಯಾಗಿದ್ದರು.

ಆದರೆ ಸಸ್ಯಾಹಾರಿಗಳು ಒಂದು ವಿಷಯ ಗೊತ್ತಿಟ್ಟುಕೊಳ್ಳಲೇಬೇಕು. ಬೆಲಾಚಾನ್ ಅಂತ ಸಿಗಡಿಯನ್ನು ಹುದುಗಿಸಿ ಮಾಡಿದ ಒಂದು ಪೇಸ್ಟು ಇದೆ. ಬರೀ ಸೊಪ್ಪಿನ ಪಲ್ಯದ ಹಾಗೆ ಕಾಣುವ ಕಾಂಗ್‌ಕೊಂಗ್‌ನಲ್ಲೂ ಅದು ಇರುತ್ತದೆ, ಸಾಂಬಾಲ್ ಎಂಬ ಮೆಣಸಿನ ಚಟ್ನಿಯಲ್ಲೂ ಇರುತ್ತದೆ. "ಮಾಂಸ ಇಲ್ಲ ಅಲ್ವಾ" ಅಂತ ಕೇಳಿದರೆ "ಇಲ್ಲ" ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಬೆಲಾಚಾನ್ ಇದೆಯಾ, ಒಣಸಿಗಡಿ ಇದೆಯಾ ಅಂತ ಹೆಸರು ಹಿಡಿದೇ ಕೇಳಬೇಕು. ಚೀನೀ ಸಸ್ಯಾಹಾರಿ ಅಂಗಡಿಗಳೂ ಬೇಕಾದಷ್ಟಿವೆ. ಅಲ್ಲಿ ಮಾಂಸದ ಹಾಗೇ ಕಾಣುವುದು ಸೋಯಾ ಅಥವಾ ಗೋಧಿಯಿಂದ ಮಾಡಿದ್ದು.

ಮಧ್ಯಾಹ್ನ ಸಮ್ಮೇಳನದ್ದೇ ಬಫೆ ಊಟ ಇತ್ತು. ಎಲ್ಲಿಯ ಬಫೆಯೂ ಒಂದೇ ಥರ. ಮೊದಲ ದಿನ ಅಲ್ಲೇ ತಿಂದೆವು. ನಮ್ಮ ದೇಶದವರೆಲ್ಲ ಒಂದು ಮೇಜು, ಇನ್ನೊಂದು ದೇಶದವರು ಇನ್ನೊಂದು ಮೇಜು, ಹೀಗೇ ಕೂತಿದ್ದರು. ಅವತ್ತು ಸಂಜೆ ನನ್ನ ಮಂಡನೆ ಮುಗಿದ ಮೇಲೆ ಒಬ್ಬ ತಮಿಳು ಟೀಚರ್ ಬಂದು ಕೈ ಹಿಡಿದುಕೊಂಡರು. ಅವರದು ಕಡಲಿನ ಆಚೆ ದಡ, ಬಟರ್‌ವರ್ತ್ ಕಡೆಯ ತಮಿಳು ಶಾಲೆ. ನನಗೆ ಮಲಯಾಳ ಬರುವುದರಿಂದ ಅವರ ತಮಿಳು ಮುಕ್ಕಾಲು ಪಾಲು ಅರ್ಥವಾಯಿತು. "ಅಕ್ಕಾ, ನೀವು ಬಂಗುಡೆ ಅಂದಿರಲ್ಲ, ಅದೇ ಮೀನನ್ನು ಇಲ್ಲಿ ಹೇಗೆ ಮಾಡುತ್ತಾರೆ ಅಂತ ತೋರಿಸುತ್ತೇನೆ, ಬನ್ನಿ" ಅಂದರು. ಸಭಾಂಗಣದ ಊಟ ಅವತ್ತಿಗೇ ನಿಂತಿತು.

ಅವರು ಕರೆದುಕೊಂಡು ಹೋದದ್ದು ಒಂದು ಕೋಪಿತಿಯಾಮ್‌ಗೆ, ಅಂದರೆ ಒಂದೇ ಸೂರಿನ ಕೆಳಗೆ ಹತ್ತಾರು ಸಣ್ಣ ಅಂಗಡಿಗಳು ಇರುವ ಕಾಫಿ ಹೋಟೆಲಿಗೆ. ಅಲ್ಲಿ ಮೊದಲು ಮೇಜು ಹಿಡಿಯಬೇಕು, ಮೇಜಿನ ನಂಬರು ನೋಡಿಟ್ಟುಕೊಳ್ಳಬೇಕು, ಬೇಕಾದ ಅಂಗಡಿಗೆ ಹೋಗಿ ತಿಂಡಿ ಹೇಳಿ ನಂಬರು ಕೊಟ್ಟು ಬರಬೇಕು. ಬಟ್ಟಲು ಮೇಜಿಗೆ ಬಂದಾಗ ಅವರವರಿಗೇ ದುಡ್ಡು ಕೊಡುವುದು. ಕುಡಿಯಲು ಮಾತ್ರ ಹೋಟೆಲಿನ ಯಜಮಾನನ ಹತ್ತಿರವೇ ಏನಾದರೂ ತೆಗೆದುಕೊಳ್ಳಬೇಕು, ಅದು ಮರ್ಯಾದೆ. ಸಣ್ಣ ನೋಟು ಕೈಯಲ್ಲಿರಲಿ. ಅಲ್ಲಿನ ದುಡ್ಡು ರಿಂಗಿಟ್. ನಾನು ಹೋದಾಗ ಒಂದು ರಿಂಗಿಟ್‌ಗೆ ಸುಮಾರು 20 ರೂಪಾಯಿ ಲೆಕ್ಕ, ಏಳೆಂಟು ರಿಂಗಿಟ್‌ಗೆ ಹೊಟ್ಟೆ ತುಂಬುವ ಬಟ್ಟಲು ಸಿಗುತ್ತಿತ್ತು.

ಅಸಾಮ್ ಲಕ್ಸ ಬಂತು. ಅಲ್ಲಿಯವರು ಕೆಂಬುಂಗ್ ಅನ್ನುವ ಮೀನು ನಮ್ಮ ಬಂಗುಡೆಯೇ. ಅದನ್ನು ಬೇಯಿಸಿ, ಮುಳ್ಳು ಬಿಡಿಸಿ, ಪುಡಿಪುಡಿ ಮಾಡಿ ಹುಳಿ ನೀರಿಗೇ ಸೇರಿಸುತ್ತಾರೆ. ಹುಳಿಗೆ ಹುಣಸೆಯ ಜೊತೆ ಅಸಾಮ್ ಗೆಲುಗೊರ್ ಎಂಬ ಒಣಗಿಸಿದ ಹಣ್ಣಿನ ಬಿಲ್ಲೆ ಹಾಕುತ್ತಾರೆ. ಅದು ನಮ್ಮ ಕೊಡಂಪುಳಿ, ಪುನರ್ಪುಳಿಯ ಜಾತಿಯದ್ದೇ. ಬಟ್ಟಲಿನ ತಳದಲ್ಲಿ ದಪ್ಪ ಅಕ್ಕಿ ಶ್ಯಾವಿಗೆ, ಮೇಲೆ ಸೌತೆ, ಅನಾನಸು, ಈರುಳ್ಳಿ, ಪುದೀನ, ಕೆಂಪು ಮೆಣಸು, ಕಾಡು ಶುಂಠಿ ಜಾತಿಯ ಒಂದು ಹೂವಿನ ಮೊಗ್ಗನ್ನು ಸಣ್ಣಗೆ ಹೆಚ್ಚಿದ್ದು. ಪಕ್ಕದಲ್ಲಿ ಚಮಚದಲ್ಲಿ ಹೇ ಕೋ, ಕಾಕಂಬಿಯಂಥ ಕಪ್ಪು ಸಿಹಿ ಸಿಗಡಿ ಪಾಕ. ಮೊದಲ ಗುಟುಕಿಗೆ ಬಂಗುಡೆ ಪುಳಿಮುಂಚಿಯ ಹುಳಿ ಖಾರ ನಾಲಿಗೆಗೆ ಬಂತು. ಆಮೇಲೆ ಆ ಹೂವಿನ ಘಮ. ಅದು ನಮ್ಮ ಕಡೆಯ ಯಾವ ಅಡುಗೆಯಲ್ಲೂ ಇಲ್ಲ. ಪುಳಿಮುಂಚಿಗೆ ಎಣ್ಣೆ ಇದೆ, ಮಸಾಲೆಯ ತೂಕ ಇದೆ. ಇದು ತಿಳಿ, ಆದರೂ ಮೀನಿನ ರುಚಿ ಜಾಸ್ತಿ. ಪೆನಾಂಗಿನಲ್ಲಿ ತಿಂದದ್ದರಲ್ಲಿ ನನಗೆ ಇದೇ ಮೊದಲನೆಯದು. ಎಲ್ಲರೂ ಹೊಗಳುವ ಚಾರ್ ಕ್ವೇ ತಿಯಾವ್ ಎಂಬ ಹುರಿದ ಅಗಲ ಅಕ್ಕಿ ಶ್ಯಾವಿಗೆ ನನಗೆ ಅಷ್ಟು ಹಿಡಿಸಲಿಲ್ಲ, ಎಣ್ಣೆ ಜಾಸ್ತಿ. ಕೆಲವು ಕಡೆ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ, ಬೇಡದವರು ಕೇಳಿಕೊಳ್ಳಬೇಕು.

ಆ ಬಟ್ಟಲಿನ ಎದುರು ಕೂತು ಅವರು ತಮ್ಮ ಶಾಲೆಯ ವಿಷಯ ಹೇಳಿದರು. ಮಲೇಷ್ಯಾದಲ್ಲಿ ಸರಕಾರಿ ವ್ಯವಸ್ಥೆಯ ಒಳಗೇ ತಮಿಳು ಮತ್ತು ಚೀನೀ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ತಮಿಳು ಶಾಲೆಗಳೇ ಐನೂರಕ್ಕೂ ಜಾಸ್ತಿ. ಆ ದೇಶದಲ್ಲಿ ಶಾಲೆಯೊಳಗೆ ತಮಿಳು ಕಲಿಕೆ ಶುರುವಾದದ್ದು 1816ರಲ್ಲಿ, ಇದೇ ಊರಿನ ಪೆನಾಂಗ್ ಫ್ರೀ ಸ್ಕೂಲಿನಲ್ಲಿ. ಆಮೇಲೆ ರಬ್ಬರು ತೋಟಗಳಲ್ಲಿ ಕೂಲಿಗಳ ಮಕ್ಕಳಿಗಾಗಿ ಶಾಲೆಗಳು ಬೆಳೆದವು. ತೋಟಗಳು ಮುಚ್ಚಿ ಜನ ಪೇಟೆಗೆ ಹೋದಾಗ ಎಷ್ಟೋ ಶಾಲೆಗಳಲ್ಲಿ ಬೆರಳೆಣಿಕೆಯ ಮಕ್ಕಳು ಉಳಿದರು. ಆಗ ಅಲ್ಲಿಯವರು ಮಾಡಿದ ಒಂದು ಕೆಲಸ ನನ್ನ ಮನಸ್ಸಿಗೆ ತುಂಬ ಹಿಡಿಸಿತು. ಮಕ್ಕಳಿಲ್ಲದ ಶಾಲೆಯ ಪರವಾನಗಿಯನ್ನೇ ತಮಿಳರು ಹೆಚ್ಚಿರುವ ಪೇಟೆಗೆ ವರ್ಗಾಯಿಸುವುದು. ಶಾಲೆ ಸಾಯುವುದಿಲ್ಲ, ಜಾಗ ಬದಲಾಗುತ್ತದೆ. ಕನ್ನಡ ಡಿವಿಷನ್ ಉಳಿಸಲು ಪ್ರತಿ ಜೂನ್ ತಿಂಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಹುಡುಕುವ ನನಗೆ ಅದು ಸುಮ್ನೆ ಕೇಳಿ ಬಿಡುವ ಮಾತಾಗಿರಲಿಲ್ಲ.

ಅವರ ಕಷ್ಟವೂ ಇದೆ. ಆರನೇ ತರಗತಿ ಮುಗಿದರೆ ಸರಕಾರಿ ಹೈಸ್ಕೂಲಿನಲ್ಲಿ ಮಲಯ ಮಾಧ್ಯಮ. ಮಲಯದಲ್ಲಿ ಹಿಂದಿರುವ ಮಕ್ಕಳು ನಡುವೆ ಒಂದು ವರ್ಷ ಪರಿವರ್ತನಾ ತರಗತಿಯಲ್ಲಿ ಕೂರಬೇಕು. ತಮಿಳು, ಚೀನೀ ಮಾಧ್ಯಮದ ಶಾಲೆಗಳು ಇರುವುದೇ ಸಂವಿಧಾನಕ್ಕೆ ವಿರುದ್ಧ ಅಂತ ಕೆಲವರು ಕೋರ್ಟಿಗೂ ಹೋಗಿದ್ದರು. 2024ರ ಫೆಬ್ರವರಿಯಲ್ಲಿ ಅಲ್ಲಿನ ಫೆಡರಲ್ ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ನಾನು ನಮ್ಮ ಕತೆ ಹೇಳಿದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದು, ಅದೇ ವರ್ಷದ ಏಳನೇ ತಿದ್ದುಪಡಿಯಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಬೇಕೆಂಬ 350ಎ ವಿಧಿ ಬಂದದ್ದು, 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಪ್ರತಿಭಟಿಸಿದ್ದು. ಕನ್ನಡ ಗೊತ್ತಿಲ್ಲದ ಟೀಚರುಗಳನ್ನು ಕನ್ನಡ ತರಗತಿಗೆ ಹಾಕಿದಾಗ ಮಕ್ಕಳೇ ಹೊರಗೆ ಬಂದು ಕೂತದ್ದನ್ನೂ ಹೇಳಿದೆ. ನಮಗೆ ಎಸ್‌ಎಸ್‌ಎಲ್‌ಸಿ ತನಕ ಕನ್ನಡದಲ್ಲೇ ಓದಲು ಆಗುತ್ತದೆ, ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಬರುತ್ತದೆ ಅಂದಾಗ ಅವರು ಚಮಚ ಕೆಳಗಿಟ್ಟು, "ಹತ್ತನೇ ತನಕವಾ?" ಅಂತ ಇನ್ನೊಮ್ಮೆ ಕೇಳಿದರು. ನಮ್ಮಲ್ಲಿ ಇರುವುದರ ಬೆಲೆ ನನಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅವರ ಆ ಪ್ರಶ್ನೆಯಿಂದ.

ಮರುದಿನದಿಂದ ನಮ್ಮ ಮೇಜು ದೊಡ್ಡದಾಯಿತು. ಒಬ್ಬ ಚೀನೀ ಶಾಲೆಯ ಮಾಸ್ಟ್ರು, ಇಬ್ಬರು ಮಲಯ ಟೀಚರುಗಳು ಸೇರಿಕೊಂಡರು. ಮಲಯ ಟೀಚರುಗಳಿಗೆ ಹಲಾಲ್ ಬೇಕು, ನಮ್ಮ ಮಾಸ್ಟ್ರಿಗೆ ಸಸ್ಯಾಹಾರ ಬೇಕು. ಹಾಗಾಗಿ ನಾಸಿ ಕಂದರ್ ಹೋಟೆಲೇ ಎಲ್ಲರಿಗೂ ಅನುಕೂಲ. ತಮಿಳು ಮುಸ್ಲಿಮರು ಹಿಂದೆ ಹೆಗಲ ಮೇಲೆ ಅಡ್ಡೆ ಹೊತ್ತು ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಅನ್ನ ಸಾರು ಅದು. ಈಗ ಬೇಕಾದ್ದನ್ನು ಬೆರಳು ತೋರಿಸಿದರೆ ತಟ್ಟೆಗೆ ಹಾಕುತ್ತಾರೆ, ಮೇಲಿಂದ ನಾಲ್ಕೈದು ಬಗೆಯ ಸಾರು ಬೆರೆಸಿ ಸುರಿಯುತ್ತಾರೆ. ಮಾಸ್ಟ್ರಿಗೆ ರೋಟಿ ಚನಾಯ್ ಸಿಕ್ಕಿತು, ನಮ್ಮ ಪೊರೋಟದ ತಮ್ಮ. ಅದಕ್ಕೆ ಬರೀ ಬೇಳೆ ಸಾರು ಕೇಳಿ ಹಾಕಿಸಿಕೊಂಡರು. ಎತ್ತಿ ಹೊಯ್ದು ನೊರೆ ಬರಿಸಿದ ತೇ ತಾರಿಕ್ ಚಾಯ ನಮಗೆ ಹೊಸದೇನೂ ಅಲ್ಲ, ಕಾಸರಗೋಡು ಪೇಟೆಯಲ್ಲಿ ದಿನಾ ನೋಡುವುದೇ. ಆದರೆ ಅಲ್ಲಿ ಸಕ್ಕರೆ ಸೇರಿದ ಮಂದ ಹಾಲು (ಕಂಡೆನ್ಸ್ಡ್ ಮಿಲ್ಕ್) ಹಾಕುವುದರಿಂದ ಸಿಹಿ ಜಾಸ್ತಿ. ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ರೋಟಿ ಚನಾಯ್, ತೇ ತಾರಿಕ್ ಸೇರಿದ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು 2024ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬೇರೆ ಬೇರೆ ಭಾಷೆಯ, ಧರ್ಮದ ಜನ ಒಂದೇ ಮೇಜಿನಲ್ಲಿ ಕೂತು ತಿನ್ನುವುದಕ್ಕೇ ಆ ಮನ್ನಣೆ.

ಹೋಗುವವರು ಊರಿನ ತಿಂಡಿ ಸ್ವಲ್ಪ ಒಯ್ಯಿರಿ. ನಾನು ಬಾಳೆಕಾಯಿ ಚಿಪ್ಸ್ ಮತ್ತು ಹಲಸಿನ ಮಾಂಬಳ (ಹಣ್ಣನ್ನು ಅರೆದು ಹಾಳೆಯ ಹಾಗೆ ಒಣಗಿಸಿದ್ದು) ಪ್ಯಾಕ್ ಮಾಡಿ ಒಯ್ದಿದ್ದೆ. ಚಹಾದ ಬಿಡುವಿನಲ್ಲಿ ತೆರೆದಿಟ್ಟರೆ ಮಾತು ತಾನಾಗಿಯೇ ಶುರುವಾಗುತ್ತದೆ. ಮಾಂಬಳ ತಿಂದು ಒಬ್ಬ ಮಲಯ ಟೀಚರ್ ಅದನ್ನು ಮಾಡುವ ಕ್ರಮ ಪೂರ್ತಿ ಬರೆದುಕೊಂಡರು, ಅಲ್ಲಿಯೂ ಹಲಸು ಧಾರಾಳ. ಹಸಿ ಹಣ್ಣು, ತರಕಾರಿ, ಗಿಡ ಮಾತ್ರ ಒಯ್ಯಬೇಡಿ, ಕಸ್ಟಮ್ಸಿನಲ್ಲಿ ತೊಂದರೆ.

ಬಟರ್‌ವರ್ತಿನ ಟೀಚರ್ ಜೊತೆ ಈಗಲೂ ವಾಟ್ಸಾಪಿನಲ್ಲಿ ಸಂಪರ್ಕ ಇದೆ. ಅವರ ತರಗತಿಯ ಮಕ್ಕಳು ಲಕ್ಸ ಮಾಡುವ ಕ್ರಮವನ್ನು ತಮಿಳಿನಲ್ಲಿ ಹೇಳಿ ವಿಡಿಯೋ ಕಳಿಸಿದ್ದಾರೆ. ನಮ್ಮ ಮಕ್ಕಳು ತುಳು, ಬ್ಯಾರಿ, ಮಲಯಾಳದಲ್ಲಿ ಪುಳಿಮುಂಚಿ ಹೇಳಿ, ಕೆಳಗೆ ಕನ್ನಡದಲ್ಲಿ ಬರೆದು ಕಳಿಸಲು ತಯಾರಿ ನಡೆಸಿದ್ದಾರೆ. ಸ್ಕೇಲು ಹಿಡಿದಿದ್ದ ಹುಡುಗನೇ ಅದರ ಮುಂದಾಳು. ಈ ಸಲ ನಿಜವಾದ ಮೀನೇ ಬೇಕು ಅಂತ ಅವನ ಹಟ, ಅಪ್ಪ ತರುತ್ತೇನೆ ಅಂದಿದ್ದಾರೆ.