ಕ್ಯಾಂಪರ್ ಶವರ್ ತೊಟ್ಟಿಕ್ಕುತ್ತಿದೆಯಾ? ಪಾನಾ ಹಿಡಿಯುವ ಮೊದಲು ತಂಬಿಗೆ ಇಡಿ

ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರದ ಬಯಲಿನಲ್ಲಿ ನಮ್ಮ ಸೆಕೆಂಡ್ ಹ್ಯಾಂಡ್ ಕ್ಯಾಂಪರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೈಲರ್, ನಿಲ್ಲಿಸಿ ಮಲಗಿದ್ದೆವು. ಸುತ್ತ ಒಂದು ನಾಯಿ ಬೊಗಳುವ ಸದ್ದೂ ಇಲ್ಲ. ಬಚ್ಚಲಲ್ಲಿ ಮಾತ್ರ ಟಪ್, ಟಪ್. ಆಗಾಗ ಮಂಚದ ಕೆಳಗಿನ ಪಂಪು ಗರ್ ಅಂತ ಎದ್ದು, ಎರಡು ಸೆಕೆಂಡಿಗೆ ಸುಮ್ಮನಾಗುತ್ತಿತ್ತು.

ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಮಲಗಬಹುದು. ಕ್ಯಾಂಪರಿನಲ್ಲಿ ಹಾಗಲ್ಲ. ಸೆಕೆಂಡಿಗೊಂದು ಹನಿ ಬಿದ್ದರೆ ವರ್ಷಕ್ಕೆ 3,000 ಗ್ಯಾಲನ್‌ಗೂ ಜಾಸ್ತಿ ನೀರು ಪೋಲು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ. ಅಂದರೆ ದಿನಕ್ಕೆ 8 ಗ್ಯಾಲನ್, ಸುಮಾರು 30 ಲೀಟರ್. 40 ಗ್ಯಾಲನ್ ಟ್ಯಾಂಕು ಐದೇ ದಿನಕ್ಕೆ ಖಾಲಿ. ಅಷ್ಟೂ ನೀರು ಕೆಳಗಿನ ಗ್ರೇ ಟ್ಯಾಂಕಿಗೆ (ಬಳಸಿದ ನೀರು ಸೇರುವ ಟ್ಯಾಂಕು) ಹೋಗಿ ಅದನ್ನೂ ತುಂಬಿಸುತ್ತದೆ. ಕೊಳವೆಯ ಒತ್ತಡ ಇಳಿದಾಗೆಲ್ಲ ತಾನಾಗಿ ಏಳುವ ಪಂಪು ಬ್ಯಾಟರಿ ತಿನ್ನುವುದು ಬೇರೆ.

ನಾನು ಮಾಡಿದ ಮೊದಲ ತಪ್ಪು ಮರುದಿನವೇ ಹೊಸ ಶವರ್ ಹೆಡ್ ತಂದು ಹಾಕಿದ್ದು. ಅದೂ ತೊಟ್ಟಿಕ್ಕಿತು! ಯೋಚಿಸಿದರೆ ಗೊತ್ತಾಗುತ್ತೆ ಅಲ್ವಾ, ಶವರ್ ಹೆಡ್ ಅಂದರೆ ಕೊನೆಯಲ್ಲಿರುವ ಜರಡಿ ಅಷ್ಟೇ. ನೀರನ್ನು ತಡೆಯುವುದು ಗೋಡೆಯಲ್ಲಿರುವ ನಲ್ಲಿ.

ಹಾಗಾಗಿ ಮೊದಲು ಒಂದು ತಂಬಿಗೆಯನ್ನು ಶವರ್ ಕೆಳಗಿಡಿ. ಯಾವಾಗ ತೊಟ್ಟಿಕ್ಕುತ್ತೆ, ಎಷ್ಟು, ಹನಿ ಬೆಚ್ಚಗಿದೆಯಾ ತಣ್ಣಗಿದೆಯಾ, ಪಂಪು ಏಳುತ್ತಾ ಇಲ್ವಾ ಅಂತ ನೋಡಿ.

ಸ್ನಾನ ಆದ ಮೇಲೆ ಹತ್ತು ನಿಮಿಷ ಹನಿದು ನಿಂತರೆ ಅದು ಪೈಪಿನಲ್ಲಿ ಉಳಿದ ನೀರು. ನಲ್ಲಿ ಮುಚ್ಚಿದ ಮೇಲೆ ಹೆಡ್ಡನ್ನು ಕೆಳಗಿಳಿಸಿ ಎರಡು ಸಲ ಕೊಡವಿದರೆ ಸಾಕು.

ಸೋಪು ಹಚ್ಚುವಾಗ ಹೆಡ್ಡಿನ ಮೇಲಿನ ಗುಂಡಿ ಒತ್ತಿದರೂ ಸಣ್ಣಗೆ ನೀರು ಬರುತ್ತಾ? ಅದನ್ನು ಬೇಕಂತಲೇ ಹಾಗೆ ಮಾಡಿರುತ್ತಾರೆ. ನಲ್ಲಿಗಳು ತೆರೆದಿರುವಾಗ ಹೆಡ್ಡನ್ನು ಪೂರ್ತಿ ಬಂದ್ ಮಾಡಿದರೆ ಒಳಗೆ ಬಿಸಿನೀರು ತಣ್ಣೀರಿನ ಕೊಳವೆಗೋ, ತಣ್ಣೀರು ಬಿಸಿನೀರಿನ ಕೊಳವೆಗೋ ನುಗ್ಗಬಹುದು. ಮತ್ತೆ ತೆರೆದಾಗ ಮೈಮೇಲೆ ಏನು ಬೀಳುತ್ತೆ ಹೇಳಲಾಗದು. ಅದನ್ನು ರಿಪೇರಿ ಮಾಡಲು ಹೋಗಬೇಡಿ. ಸ್ನಾನ ಮುಗಿದ ಮೇಲೆ ಗುಂಡಿ ನಂಬದೆ ನಲ್ಲಿಯನ್ನೇ ಮುಚ್ಚಿ.

ಮೂರನೆಯದು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಹೀಟರ್ ಹಾಕಿದಾಗ ಮಾತ್ರ ತೊಟ್ಟಿಕ್ಕಿ, ಆಮೇಲೆ ತಾನಾಗಿ ನಿಲ್ಲುತ್ತದೆ. ಪಂಪು ಏಳುವುದೇ ಇಲ್ಲ. ನೀರು ಕಾದರೆ ಹಿಗ್ಗುತ್ತದೆ. 6 ಗ್ಯಾಲನ್ ಹೀಟರಿನ ನೀರು 15 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಮೂರನೇ ಒಂದು ಲೀಟರಿನಷ್ಟು ಹೆಚ್ಚಾಗುತ್ತದೆ, ಒಂದು ದೊಡ್ಡ ಲೋಟದಷ್ಟು. ಹಿಂದಕ್ಕೆ ಹೋಗೋಣ ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಬಿಡುವುದಿಲ್ಲ. ಒತ್ತಡ ಏರಿ, ಎಲ್ಲಿ ಸಡಿಲವಿದೆಯೋ ಅಲ್ಲಿಂದ ಹೊರಬರುತ್ತದೆ. ಈ ಹಿಗ್ಗುವ ನೀರಿಗಾಗಿಯೇ ಹೀಟರ್ ಟ್ಯಾಂಕಿನ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಇರಬೇಕು. ದಿನ ಕಳೆದಂತೆ ಅದು ನೀರಿನಲ್ಲಿ ಕರಗಿಹೋಗುತ್ತದೆ.

ಮತ್ತೆ ಗಾಳಿ ತುಂಬಿಸುವುದು ಸುಲಭ. ಹೀಟರ್ ಆಫ್ ಮಾಡಿ, ನೀರು ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಇದರಲ್ಲಿ ಅವಸರ ಬೇಡ, ಕೈ ಸುಡುತ್ತದೆ. ಪಂಪು ಆಫ್ ಮಾಡಿ, ಹೊರಗಿನ ನೀರಿನ ಪೈಪಿದ್ದರೆ ಅದನ್ನೂ ಬಂದ್ ಮಾಡಿ. ಒಳಗೆ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಹೊರಗೆ ಹೋಗಿ ಹೀಟರಿನ ರಿಲೀಫ್ ವಾಲ್ವಿನ (ಒತ್ತಡ ಮಿತಿ ಮೀರಿದರೆ ನೀರು ಹೊರಬಿಡುವ ವಾಲ್ವು) ಹಿಡಿಯನ್ನು ಎತ್ತಿ ಹಿಡಿಯಿರಿ. ನೀರು ನಿಂತ ಮೇಲೆ ಟಕ್ ಅಂತ ಬಿಡಿ. ಒಳಗಿನ ನಲ್ಲಿ ಮುಚ್ಚಿ, ಪಂಪು ಹಾಕಿ. ಅಷ್ಟೇ. ಪದೇ ಪದೇ ಹೀಗಾದರೆ ಹಿಗ್ಗಿದ ನೀರಿಗೆ ಜಾಗ ಕೊಡುವ ಒಂದು ಸಣ್ಣ ಅಕ್ಯುಮುಲೇಟರ್ ಟ್ಯಾಂಕ್ ಕೂರಿಸಿಕೊಳ್ಳಬಹುದು.

ಈಗ ನಮ್ಮ ಕೇಸು. ಹೀಟರ್ ಆಫ್ ಇದ್ದರೂ ಹನಿ ನಿಲ್ಲದೆ, ಪಂಪು ಏಳುತ್ತಲೇ ಇದ್ದರೆ ನಲ್ಲಿಯ ಒಳಗಿನ ಕಾರ್ಟ್ರಿಡ್ಜ್, ಅಂದರೆ ಹಿಡಿ ತಿರುಗಿಸಿದಾಗ ನೀರು ಬಿಡುವ, ತಡೆಯುವ ಬಿಡಿಭಾಗ, ಕೆಟ್ಟಿದೆ ಎಂದರ್ಥ. ಹೀಟರ್ ಕಾದಿರುವಾಗ ಹನಿ ಬೆಚ್ಚಗಿದ್ದರೆ ಬಿಸಿನೀರಿನ ಕಡೆಯದು.

ಪಂಪು, ಹೀಟರ್ ಎರಡೂ ಬಂದ್. ಹೊರಗಿನ ಪೈಪ್ ಕಳಚಿ. ಅಡುಗೆ ಸಿಂಕಿನ ನಲ್ಲಿ ತೆರೆದು ಒತ್ತಡ ಇಳಿಸಿ. ಬಚ್ಚಲ ತೂತಿಗೆ ಬಟ್ಟೆ ತುರುಕಿ, ಮರೆಯಬೇಡಿ. ನನ್ನ ಒಂದು ಸ್ಕ್ರೂ ಈಗಲೂ ಗ್ರೇ ಟ್ಯಾಂಕಿನಲ್ಲೇ ಇರಬೇಕು. ಹಿಡಿಯ ಮೇಲಿನ ಸಣ್ಣ ಮುಚ್ಚಳ ಮೀಟಿ ತೆಗೆದರೆ ಸ್ಕ್ರೂ ಕಾಣುತ್ತದೆ. ಅದನ್ನು ಬಿಚ್ಚಿ ಹಿಡಿ ಎಳೆಯಿರಿ. ಒಳಗಿನ ನಟ್ಟನ್ನು ಪಾನಾದಿಂದ ಮೆಲ್ಲಗೆ ತಿರುಗಿಸಿ. ಕಾರ್ಟ್ರಿಡ್ಜ್ ಹೊರಬರುತ್ತದೆ.

ನಮ್ಮದರ ತಳದಲ್ಲಿ ಬೆರಳುಗುರಿನಷ್ಟು ಅಗಲದ ಕಪ್ಪು ರಬ್ಬರ್ ಇತ್ತು, ಅದರ ಹಿಂದೆ ಪೆನ್ನಿನೊಳಗೆ ಇರುವಂಥ ಸಣ್ಣ ಸ್ಪ್ರಿಂಗು. ರಬ್ಬರಿನ ಮೇಲೆ ಉಂಗುರದ ಹಾಗೆ ಗುಳಿ ಬಿದ್ದಿತ್ತು, ಅದರಲ್ಲೊಂದು ಮರಳಿನ ಕಾಳು ಸಿಕ್ಕಿಕೊಂಡಿತ್ತು. ನಿಮ್ಮದರಲ್ಲಿ ರಬ್ಬರ್ ಚೆನ್ನಾಗಿದ್ದರೆ ತೊಳೆದು ಹಾಕಿ ನೋಡಿ. ಇಲ್ಲದಿದ್ದರೆ ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಉದ್ದವೂ, ಹಿಡಿ ಕೂರುವ ತುದಿಯ ಹಲ್ಲೂ ತಾಳೆಯಾಗಬೇಕು. ಕೆಲವು ನಲ್ಲಿಗಳಲ್ಲಿ ಬಿಸಿಯದು ಒಂದು ಕಡೆ, ತಣ್ಣನೆಯದು ಇನ್ನೊಂದು ಕಡೆ ತಿರುಗುತ್ತದೆ, ಅದಲುಬದಲು ಆಗದಿರಲಿ.

ಕೂರಿಸುವ ಮೊದಲು ಕಾರ್ಟ್ರಿಡ್ಜ್ ಸುತ್ತಲಿನ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ನಮ್ಮವರ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆ ಬಾಟಲಿಗೆ, ಇಲ್ಲಾಂದ್ರೆ ವ್ಯಾಸಲೀನ್ ಡಬ್ಬಿಗೆ. ಎರಡೂ ಬೇಡ, ರಬ್ಬರ್ ಹಾಳಾಗಬಹುದು. ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಆಮೇಲೆ ಪಾನಾದಲ್ಲಿ ಕಾಲು ಸುತ್ತು. ಕ್ಯಾಂಪರ್ ನಲ್ಲಿಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ಮೇಲೆ ಕ್ರೋಮ್ ಬಣ್ಣ ಅಷ್ಟೇ. ಜಾಸ್ತಿ ಬಲ ಹಾಕಿದರೆ ಬಿರುಕು ಗ್ಯಾರಂಟಿ.

ಬಿರುಕು ಮೊದಲೇ ಇದ್ದರೆ ಅದು ಹೆಚ್ಚಾಗಿ ಚಳಿಗಾಲದ ಕೈವಾಡ. ನಲ್ಲಿಯಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಸೀಳಿರುತ್ತದೆ. ಆಗ ಇಡೀ ನಲ್ಲಿಯನ್ನೇ ಬದಲಿಸಬೇಕು. ಮುಂದಿನ ಚಳಿಗೆ ಮುನ್ನ ಕ್ಯಾಂಪರಿಗೆ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ (ಕೊಳವೆಗಳು ಹೆಪ್ಪುಗಟ್ಟಿ ಸೀಳದಂತೆ ತಡೆಯುವ ದ್ರವ) ಹಾಕುವಾಗ ಶವರಿನ ಎರಡೂ ನಲ್ಲಿಗಳನ್ನು ತೆರೆದು, ಹೆಡ್ಡಿನಿಂದ ಗುಲಾಬಿ ನೀರು ಬರುವವರೆಗೂ ಬಿಡಿ.