ಬಾಡಿಗೆಗೆ ಕೊಡಲು ಎರಡನೇ ಮನೆ: ನಾನು ಮೊದಲು ಹಾಕಿದ್ದು ಕೈದುಡ್ಡಿನ ಲೆಕ್ಕ

ಬಾಡಿಗೆಗೆ ಕೊಡಲೆಂದು ಎರಡನೇ ಫ್ಲ್ಯಾಟ್ ತಗೊಂಡಾಗ ಎಲ್ಲರೂ ಕೇಳಿದ್ದು ಒಂದೇ: "ಬಡ್ಡಿ ಎಷ್ಟು ಬಿತ್ತು?" ನಾನು ತಲೆ ಕೆಡಿಸಿಕೊಂಡಿದ್ದು ಕೈಯಿಂದ ಎಷ್ಟು ಹಾಕಬೇಕು ಅನ್ನೋದಕ್ಕೆ. ಬಡ್ಡಿ ಜಾಸ್ತಿ ಅನಿಸಿದರೆ ಆಮೇಲೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಬಹುದು. ಅಡ್ವಾನ್ಸ್ ಕೊಟ್ಟ ಮೇಲೆ ದುಡ್ಡು ಸಾಲದೇ ಹೋದರೆ ಅಡ್ವಾನ್ಸಿಗೇ ಕುತ್ತು.

ರಿಸರ್ವ್ ಬ್ಯಾಂಕಿನ ನಿಯಮ ನೋಡೋಕೆ ಸುಲಭ. 30 ಲಕ್ಷದವರೆಗಿನ ಗೃಹಸಾಲವಾದರೆ ಮನೆ ಬೆಲೆಯ 90%, 30ರಿಂದ 75 ಲಕ್ಷದವರೆಗೆ 80%, ಅದಕ್ಕೂ ಮೇಲಾದರೆ 75%. ಇದು ಮಿತಿ ಅಷ್ಟೇ, ಅಷ್ಟೂ ಕೊಡಲೇಬೇಕು ಅಂತೇನಿಲ್ಲ. ಆದರೆ ಯಾವ ಬೆಲೆಯ 80%? ನಾನು ಮಾತಾಡಿದ್ದು 60 ಲಕ್ಷಕ್ಕೆ. ಬ್ಯಾಂಕ್ ಕಡೆಯ ವ್ಯಾಲ್ಯುಯರ್ ಬಂದು, ಕೋಣೆ ಕೋಣೆ ಟೇಪ್ ಹಿಡಿದು ಅಳೆದು, ಅಕ್ಕಪಕ್ಕದ ರೇಟ್ ವಿಚಾರಿಸಿ 56 ಲಕ್ಷ ಅಂತ ಬರೆದರು. ಎರಡರಲ್ಲಿ ಕಡಿಮೆ ಇದ್ದದ್ದನ್ನೇ ಬ್ಯಾಂಕ್ ಹಿಡಿಯಿತು. ಸಾಲ 48 ಲಕ್ಷದಿಂದ 44.8 ಲಕ್ಷಕ್ಕೆ ಇಳಿಯಿತು. ಉಳಿದ 15.2 ಲಕ್ಷ ನನ್ನ ಜೇಬಿಂದ. ಅದರ ಮೇಲೆ ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ. ಮನೆ ಬೆಲೆ 10 ಲಕ್ಷ ದಾಟಿದರೆ ಈ ಖರ್ಚನ್ನು ಬೆಲೆಗೆ ಸೇರಿಸಿ ಸಾಲ ಕೊಡೋ ಹಾಗಿಲ್ಲ. ಹೀಗಾಗುತ್ತೆ ಅಂತ ಗೊತ್ತಿದ್ದೇ ಅಗ್ರಿಮೆಂಟಲ್ಲಿ ಒಂದು ಷರತ್ತು ಬರೆಸಿದ್ದೆ: ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್. ಮಾರುವವರು ಗೊಣಗಿದರು, ಆದರೂ ಸಹಿ ಹಾಕಿದರು.

ಕೊರತೆಗೆ ಪರ್ಸನಲ್ ಲೋನ್ ತಗೋ ಅಂದವರೂ ಇದ್ದರು. ಅದರ ಇಎಂಐ ಕ್ರೆಡಿಟ್ ರಿಪೋರ್ಟಲ್ಲಿ ಕಾಣುತ್ತೆ, ಅಲ್ವಾ? ಆಗ ಬ್ಯಾಂಕ್ ಅದನ್ನೂ ಸಂಬಳದಿಂದ ಕಳೆದೇ ಗೃಹಸಾಲ ಎಷ್ಟು ಅಂತ ನೋಡುತ್ತೆ. ನಾನು ಎಫ್‌ಡಿ ಮುರಿಸಿದೆ, ಹೆಂಡತಿಯನ್ನು ಜೊತೆ ಅರ್ಜಿದಾರಳಾಗಿ ಸೇರಿಸಿದೆ. ಮುಂದೆ ಬರೋ ಬಾಡಿಗೆಯನ್ನು ನಮ್ಮ ಬ್ಯಾಂಕ್ ಆದಾಯ ಅಂತ ಹಿಡಿಯಲೇ ಇಲ್ಲ.

"ಇದು ಎರಡನೇದು ತಾನೇ ಸರ್?" ಅಂತ ಮ್ಯಾನೇಜರ್ ಖಚಿತಪಡಿಸಿಕೊಂಡರು. ಮೂರನೇ ಮನೆಯಿಂದ ಸಾಲವನ್ನು ವಾಣಿಜ್ಯ ರಿಯಲ್ ಎಸ್ಟೇಟ್ ಲೆಕ್ಕಕ್ಕೆ ಹಾಕುತ್ತಾರೆ. ಸಾಮಾನ್ಯವಾಗಿ ಬಡ್ಡಿಯೂ ಏರುತ್ತೆ.

ತೆರಿಗೆ ಉಳಿಯುತ್ತೆ ಅಂತ ಮಾತ್ರ ಮನೆ ತಗೋಬೇಡಿ. ಬರೋ ಬಾಡಿಗೆಗಿಂತ ಸಾಲದ ಬಡ್ಡಿ ಜಾಸ್ತಿಯಾಗಿ ಆಗೋ ನಷ್ಟವನ್ನು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲೂ ಸಂಬಳದಿಂದ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ಕಳೆದು ತೋರಿಸಬಹುದು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಆಗಾಗ ಬದಲಾಗೋ ಗೃಹಸಾಲವನ್ನು ವ್ಯಕ್ತಿಗಳು ಮುಂಚೆ ತೀರಿಸಿದರೆ ದಂಡ ಇಲ್ಲ. ಹಾಗಾಗಿ ಬೋನಸ್ ಬಂದಾಗೆಲ್ಲ ಅಸಲಿಗೆ ಕಟ್ಟುತ್ತೇನೆ. ಬಾಡಿಗೆದಾರರ ಅಡ್ವಾನ್ಸನ್ನು ಮಾತ್ರ ಸಾಲಕ್ಕೆ ಹಾಕಲ್ಲ. ಅವರು ಖಾಲಿ ಮಾಡೋ ದಿನ ಅದನ್ನು ವಾಪಸ್ ಕೊಡಬೇಕಲ್ಲ, ಅದಕ್ಕೇ ಬೇರೆ ಎಫ್‌ಡಿ ಇಟ್ಟಿದ್ದೇನೆ.