ಕಲ್ಯಾಣಿ ದುರಸ್ತಿ: ಪಂಚಾಯ್ತಿಯಿಂದಲೇ ಮಾಡಿಸಿದ್ದು ಹೀಗೆ

2022-23ರಲ್ಲಿ ನಮ್ಮೂರ ಹಳೇ ಕಲ್ಯಾಣಿಯನ್ನು ಗ್ರಾಮ ಪಂಚಾಯ್ತಿಯಿಂದಲೇ ದುರಸ್ತಿ ಮಾಡಿಸಿದೆವು. ಆಗ ನಾನು ಸದಸ್ಯನಾಗಿದ್ದೆ. ಅಕ್ಕಪಕ್ಕದ ಊರಿನವರು ಈಗಲೂ "ದುಡ್ಡು ಎಲ್ಲಿಂದ ತಂದ್ರಿ?" ಅಂತ ಕೇಳುತ್ತಾರೆ. ದುಡ್ಡಿಗೆ ದಾರಿ ಇತ್ತು. ಆ ದುಡ್ಡಿನಲ್ಲಿ ಕಲ್ಯಾಣಿ ಕಲ್ಯಾಣಿಯಾಗಿಯೇ ಉಳಿಯುವಂತೆ ನೋಡಿಕೊಳ್ಳೋದೇ ದೊಡ್ಡ ಕೆಲಸವಾಗಿತ್ತು.

ಮೊದಲು ಜಾಗ ಯಾರದ್ದು ಅಂತ ನೋಡಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮುಜರಾಯಿ ದೇವಸ್ಥಾನದ್ದಾದರೆ ಆ ಇಲಾಖೆಯ ಒಪ್ಪಿಗೆ ಬೇಕು. ನಮ್ಮದು ಇವೆರಡೂ ಅಲ್ಲ, ಗ್ರಾಮಠಾಣಾದೊಳಗೆ, ಅಂದರೆ ಊರಿನ ವಾಸದ ಜಾಗದೊಳಗೆ ಇತ್ತು. ಸರ್ವೆ ಮಾಡಿಸಿ ಗಡಿ ಹಾಕಿಸಿದೆವು.

ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಕಲ್ಯಾಣಿಯ ಹೆಸರು ಬರೆಸಿ, ನರೇಗಾ (ಉದ್ಯೋಗ ಖಾತರಿ) ಕ್ರಿಯಾ ಯೋಜನೆಗೆ ಸೇರಿಸಿದೆವು. ಆ ವರ್ಷ ದಿನದ ಕೂಲಿ 309 ರೂಪಾಯಿ. ಆಗ ನರೇಗಾದಲ್ಲಿ ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಹೆಚ್ಚೆಂದರೆ ಶೇ 40 ಇತ್ತು. ಕಲ್ಲು ಕೆಲಸದವರ ಮಜೂರಿ ಕೂಡ ಸಾಮಗ್ರಿ ಲೆಕ್ಕಕ್ಕೇ ಹೋಗುತ್ತಿತ್ತು. ಇದು ಬಹಳ ಜನರಿಗೆ ಗೊತ್ತಿರಲಿಲ್ಲ. ನಮ್ಮ ಕಲ್ಯಾಣಿಯಲ್ಲಿ ಹೂಳು ಆಳವಾಗಿ ತುಂಬಿತ್ತು. ಅದನ್ನು ಜನರೇ ತೆಗೆದದ್ದರಿಂದ ಕೂಲಿ ಪಾಲು ಜಾಸ್ತಿಯಾಯಿತು, ಮೆಟ್ಟಿಲು ಕೂರಿಸುವವರಿಗೆ ಸಾಮಗ್ರಿ ಪಾಲಿನಲ್ಲಿ ಕೊಡಲು ಜಾಗ ಸಿಕ್ಕಿತು.

ನಿಜವಾದ ಜಗ್ಗಾಟ ಅಂದಾಜುಪಟ್ಟಿಯಲ್ಲಿ, ಅಂದರೆ ಏನೇನು ಕೆಲಸ, ಎಷ್ಟು ಖರ್ಚು ಅಂತ ಎಂಜಿನಿಯರ್ ಬರೆಯುವ ಪಟ್ಟಿಯಲ್ಲಿ. ಮೊದಲು ಬಂದ ಪಟ್ಟಿಯಲ್ಲಿ ಸುತ್ತ ಕಾಂಕ್ರೀಟ್ ಗೋಡೆ, ತಳಕ್ಕೂ ಕಾಂಕ್ರೀಟ್ ಇತ್ತು. ಸರ್ಕಾರಿ ದರಪಟ್ಟಿಯಲ್ಲಿ ಕಾಂಕ್ರೀಟಿಗೆ ಸಿದ್ಧ ದರ ಇರುತ್ತೆ, ಹಾಗಾಗಿ ಅದನ್ನು ಬರೆಯೋದು ಸುಲಭ. ಆದರೆ ತಳ ಮುಚ್ಚಿದರೆ ಊಟೆ (ನೆಲದಿಂದ ಒಸರುವ ನೀರು) ಬರೋದು ಎಲ್ಲಿಂದ? ಹಳೇ ಗೋಡೆಯನ್ನು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದರು. ಮಳೆಗಾಲದಲ್ಲಿ ಹಿಂದಿನ ಮಣ್ಣಿನ ನೀರು ಆ ಸಂದಿಗಳಿಂದಲೇ ಇಳಿಯಬೇಕು. ಸಂದಿಗೆ ಸಿಮೆಂಟ್ ತುಂಬಿದರೆ ನೀರು ಹಿಂದೆ ನಿಂತು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನಿಯರ್ ಅವರನ್ನು ಕಲ್ಯಾಣಿಯೊಳಗೇ ಇಳಿಸಿ, ಹಿರಿಯ ಕಲ್ಲು ಕೆಲಸದವರೊಬ್ಬರಿಂದ ಇದನ್ನೆಲ್ಲ ಹೇಳಿಸಿದೆವು. ಅವರೂ ಒಪ್ಪಿದರು. ಹೂಳೆತ್ತುವುದು, ಬಿದ್ದ ಕಲ್ಲು ಆರಿಸುವುದು, ಅದೇ ಕಲ್ಲನ್ನು ಮತ್ತೆ ಕೂರಿಸುವುದು ಅಂತ ಪಟ್ಟಿ ಹೊಸದಾಗಿ ಬಂತು. ನೀವೂ ಮಂಜೂರಾತಿಗೆ ಮುಂಚೆಯೇ ಇದನ್ನು ಮಾಡಿ. ಅಳತೆ ಪುಸ್ತಕ, ಬಿಲ್ಲು ಎಲ್ಲ ಆ ಪಟ್ಟಿಯ ಹಿಂದೆಯೇ ಬರುತ್ತವೆ.

ಬಿದ್ದ ಕಲ್ಲುಗಳಿಗೆ ಸುಣ್ಣದಲ್ಲಿ ನಂಬರ್ ಬರೆಸಿ, ಫೋಟೊ ತೆಗೆಸಿಟ್ಟೆವು. ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಜಿಯೋಟ್ಯಾಗ್ ಫೋಟೊ (ಜಾಗದ ಗುರುತು ಸೇರಿದ ಫೋಟೊ) ನರೇಗಾಕ್ಕೆ ಹೇಗೂ ಬೇಕಿತ್ತಲ್ವಾ, ಅದರ ಜೊತೆಗೇ ಆಯಿತು.

ಮಳೆನೀರು ಬರುವ ಕಾಲುವೆಗೆ 15ನೇ ಹಣಕಾಸು ಆಯೋಗದ ಅನುದಾನ ಬಳಸಿದೆವು. ಅದರಲ್ಲಿ ನಿರ್ಬಂಧಿತ ಪಾಲು, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಾದ ಪಾಲು, ಆಗ ಶೇ 60 ಇತ್ತು. ಅದರ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ. ಕಾಲುವೆ ಈ ಎರಡನೆಯದಕ್ಕೆ ಸರಿಯಾಗಿ ಹೊಂದಿತು. ಪಕ್ಕದ ಗಿಡ, ಕೂರುವ ಕಟ್ಟೆಗೆ ಪಂಚಾಯ್ತಿಯ ತೆರಿಗೆ ಹಣ. ವರ್ಷಕ್ಕೊಮ್ಮೆ ಕಳೆ ತೆಗೆಸುವ ಖರ್ಚನ್ನೂ ಪಂಚಾಯ್ತಿ ಬಜೆಟ್ಟಿನಲ್ಲಿ ಬೇರೆ ಸಾಲಾಗಿ ಬರೆಸಿದ್ದೇವೆ, ಸದಸ್ಯರು ಬದಲಾದರೂ ಅದು ನಿಲ್ಲದಿರಲಿ ಅಂತ.